ಭಾನುವಾರದ ಬಳೆ

ಮೊದಲು ಹೋದದ್ದು ಬಳೆ.

ಯಶೋದಮ್ಮ ಅದನ್ನು ಯಾರ ಸಾವಿಗೂ ತೆಗೆದದ್ದಲ್ಲ. ರೇಷ್ಮೆಗೆ ಗೀರು ಬೀಳುತ್ತದೆಂದು ತೆಗೆದದ್ದು. ಈಗ ಎಲ್ಲರೂ ಶಿವಾಜಿನಗರ ಎನ್ನುತ್ತಾರೆ, ಆಗ ಅದು ಬ್ಲಾಕ್‌ಪಳ್ಳಿ. ಅಲ್ಲಿ ಇಗರ್ಜಿಯ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ನಡೆಸುತ್ತಿದ್ದವಳು ಪಾಂಡಿಚೇರಿಯ ಹೆಂಗಸು. ಅಪ್ಪ ಫ್ರೆಂಚರವನು, ತಾಯಿ ತಮಿಳಿನವಳು. ಎಲ್ಲರೂ ಅವಳನ್ನು ಪಾಂಡಿಚೇರಿಯಮ್ಮ ಎಂದೇ ಕರೆಯುತ್ತಿದ್ದರು. ಯುದ್ಧ ಬಂದು ದಂಡು ಪ್ರದೇಶದ ತುಂಬ ಆಫೀಸರರ ಹೆಂಡತಿಯರು ಇಳಿದ ಮೇಲೆ ಗೌನು ಹೊಲಿಯಲು ಅವಳಿಗೆ ಕೈ ಸಾಲಲಿಲ್ಲ. ಹಲಸೂರಿನ ಯಶೋದಮ್ಮನನ್ನು ಅಂಚು ಮಡಿಚಿ ಹೊಲಿಯುವ ಕೆಲಸಕ್ಕೆ ಇಟ್ಟುಕೊಂಡಳು.

ಯಶೋದಮ್ಮನಿಗೆ ಆಗ ಇಪ್ಪತ್ತೊಂದು. ಗಂಡ ಸಂಜೀವಪ್ಪ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ನಲವತ್ತಮೂರರಲ್ಲಿ ಬರ್ಮಾ ಕಡೆ ಹೋದವನು. ಅವನ ಊರು ಹೊರಮಾವು. ಅಲ್ಲಿ ಅತ್ತೆ ದೊಡ್ಡಮುನಿಯಮ್ಮ, ಮೈದುನ ಮುನಿರಾಜಪ್ಪ. ಕೆಲಸಕ್ಕೆ ಹತ್ತಿರವಾಗಲೆಂದು ಯಶೋದಮ್ಮ ಹಲಸೂರಿನಲ್ಲಿ ಚಿಕ್ಕಮ್ಮ ಆಂಜನಮ್ಮನ ಮನೆಯಲ್ಲಿ ಉಳಿದಿದ್ದಳು. ಸೈನ್ಯದ ಕಾಗದಗಳು ಬರುತ್ತಿದ್ದುದೂ ಹಲಸೂರಿನ ವಿಳಾಸಕ್ಕೇ.

ಬಳೆಯ ಹಿಂದೆ ಹೂವು ಹೋಯಿತು. ಮಲ್ಲಿಗೆ ಬಾಡಿ ಬಿಳಿ ಬಟ್ಟೆಯ ಮೇಲೆ ಉದುರಿದರೆ ಕಲೆ. ಆಮೇಲೆ ಕುಂಕುಮ ಸಣ್ಣದಾಯಿತು. ಸಾಸಿವೆ ಕಾಳಿನಷ್ಟು. ಬೆವರಿಗೆ ಅದೂ ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗುತ್ತಿತ್ತು.

"ಬಟ್ಟೆ ಕಿರುಚಬಾರದು. ಹೊಲಿಗೆ ಮಾತಾಡಬೇಕು," ಎಂದು ಪಾಂಡಿಚೇರಿಯಮ್ಮ ತಮಿಳಿನಲ್ಲಿ ಹೇಳುತ್ತಿದ್ದಳು. ಅವಳ ಬಳಿ ಇದ್ದದ್ದು ನಾಲ್ಕೇ ಉಡುಪು. ನಾಲ್ಕೂ ಒಂದೇ ತರಹ, ಬಣ್ಣ ಸತ್ತವು. ಆದರೆ ಅವಳು ಓಣಿಯಲ್ಲಿ ನಡೆದರೆ ಜರಿ ಸೀರೆಯವರು ನಿಂತು ನೋಡುತ್ತಿದ್ದರು. ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟ ಹೊಲಿಗೆ ಅದು.

ಒಂದು ದಿನ ಅವಳು ಬೂದಿ ಬಣ್ಣದ ಒಂದು ಸೀರೆಯನ್ನೂ ಒಂದು ತುಂಡು ಬಟ್ಟೆಯನ್ನೂ ಯಶೋದಮ್ಮನಿಗೆ ಕೊಟ್ಟಳು. ತಾನೇ ಅಳತೆ ತೆಗೆದು ರವಿಕೆ ಕತ್ತರಿಸಿದಳು. ಕುತ್ತಿಗೆಯವರೆಗೆ ಮುಚ್ಚುವ ರವಿಕೆ. ತಾಳಿ ಒಳಗೇ ಉಳಿಯುತ್ತಿತ್ತು. ಕೈ ಎತ್ತಿದರೆ ಕಂಕುಳಲ್ಲಿ ಎಳೆಯುತ್ತಿರಲಿಲ್ಲ. ಬಟ್ಟೆ ಸಿಗದ ಕಾಲ. ಮುಕ್ಕಾಲು ಗಜದಲ್ಲಿ ಮುಗಿಯಿತು.

ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇತ್ತು. ಯಶೋದಮ್ಮ ಅದರ ಮುಂದೆ ನಿಂತಳು. ಗುಂಡಿ ಹಾಕುವ ಉಮ್ಮೆ ಕುಲ್ಸುಂ ಸೂಜಿ ನಿಲ್ಲಿಸಿ ನೋಡಿದಳು.

"ಯಾ ಅಲ್ಲಾ! ಏನೇ ಯಶೋದಾ, ಪೂರಾ ಮೇಮ್‌ಸಾಬ್ ಆಗ್ಬಿಟ್ಟೆ. ನಾಳೆಯಿಂದ ನಂಗೆ ಸಲಾಂ ಹೊಡಿ ಅಂತೀಯೇನು?"

"ಸಲಾಂ ಬೇಡ, ದಾರ ಪೋಣಿಸ್ಕೊಡು ಸಾಕು."

"ಚೆನ್ನಾಗಿದೆ ಕಣೆ. ಆದ್ರೆ..." ಉಮ್ಮೆ ಕುಲ್ಸುಂ ಅವಳ ಕೈ ನೋಡಿದಳು. "ಕೈ ಮಾತ್ರ ಮೂಕ ಆಗಿದೆ."

ಯಶೋದಮ್ಮ ನಕ್ಕಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಮೂಕ ಕೈ ಇಷ್ಟವಾಗಿತ್ತು. ಸಂಜೆ ಅಂಗಡಿ ಬಿಟ್ಟ ಮೇಲೆ ಬಳೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಬೂದಿ ಸೀರೆಯಲ್ಲೇ ಹಲಸೂರಿಗೆ ನಡೆದು ಹೋಗುತ್ತಿದ್ದಳು. ಯಾರೂ ಅವಳನ್ನು ಹಳ್ಳಿಯವಳು ಎನ್ನುತ್ತಿರಲಿಲ್ಲ.

ಆಂಜನಮ್ಮನಿಗೆ ಮಾತ್ರ ಅದು ಹಿಡಿಸಲಿಲ್ಲ.

"ಗಂಡ ಗುಂಡಿನ ಬಾಯಲ್ಲಿದ್ದಾನೆ. ನೀನು ಬರಿಗೈಯಲ್ಲಿ ಓಡಾಡ್ತೀಯ. ಕರೀತಿದ್ದೀಯೇನೆ ಅದನ್ನ?"

"ಏನನ್ನ ಚಿಕ್ಕಮ್ಮ?"

"ಹೆಸರು ಹೇಳಿಸ್ಬೇಡ ನನ್ ಬಾಯಲ್ಲಿ. ಅರಿಶಿನದ ದಾರ ಆದ್ರೂ ಕಟ್ಕೊ."

"ಅರಿಶಿನ ರೇಷ್ಮೆಗೆ ಹತ್ತುತ್ತೆ."

"ಹತ್ತಲಿ! ಯಾವ ದೊರೆಸಾನಿ ಗಂಡನ ಗಂಟು ಹೋಗುತ್ತೆ?"

ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ಅಂಗಡಿಗೆ ರಜೆ. ಭಾನುವಾರ ಬೆಳಿಗ್ಗೆ ಆಂಜನಮ್ಮ ಬಿಸ್ಕತ್ತಿನ ಡಬ್ಬಿ ತೆಗೆದು, ಕೈಗೆ ಸೋಪಿನ ನೊರೆ ಹಚ್ಚಿ, ಹಸಿರು ಗಾಜಿನ ಬಳೆ ಕೈಗೆ ಆರರಂತೆ ಏರಿಸುತ್ತಿದ್ದಳು. ಮೊಳ ಹೂವು, ಕಾಸಗಲ ಕುಂಕುಮ, ಕೆಂಪು ಸೀರೆ. ಸೋಮವಾರ ಬೆಳಿಗ್ಗೆ ಎಲ್ಲ ಮತ್ತೆ ಡಬ್ಬಿಗೆ. ಆ ಬಳೆಗಳನ್ನು ಹೋಗುವ ಮುಂಚೆ ಸಂಜೀವಪ್ಪನೇ ರಸೆಲ್ ಮಾರ್ಕೆಟ್ಟಿನ ಹತ್ತಿರ ಕೊಡಿಸಿದ್ದ. "ಸದ್ದು ಚೆನ್ನಾಗಿರೋದು ಕೊಡಪ್ಪ," ಎಂದು ಬಳೆಗಾರನಿಗೆ ಹೇಳಿದ್ದ.

ನಲವತ್ತನಾಲ್ಕರ ಅಕ್ಟೋಬರಿನಿಂದ ಅವನ ಕಾಗದ ನಿಂತಿತು.

ನವೆಂಬರ್ ಹೋಯಿತು. ಪೋಸ್ಟಿನವನು ಮನೆ ದಾಟಿ ಹೋಗುವಾಗ ಆಂಜನಮ್ಮ ಹೊರಗೆ ಬರುತ್ತಿರಲಿಲ್ಲ, ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು. ಅವನು ನಿಂತರೂ ಭಯ, ನಿಲ್ಲದಿದ್ದರೂ ಭಯ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ಗೌನುಗಳು ರಾಶಿ ಬಿದ್ದವು. ಭಾನುವಾರ ಬಂದರೆ ಮೈ ಎತ್ತಲಾಗದಷ್ಟು ಸುಸ್ತು. ಯಶೋದಮ್ಮ ಮೂರು ತಿಂಗಳಿಂದ ಹೊರಮಾವಿಗೆ ಹೋಗಿರಲಿಲ್ಲ.

ಅಂಥ ದಿನಗಳಲ್ಲೇ ಆದಿನಾರಾಯಣ ಕಂಡದ್ದು. ಹೊರಮಾವಿನವನು, ಅತ್ತೆಯ ದಾಯಾದಿ. ವಾರಕ್ಕೆರಡು ಸಲ ಗಾಡಿಯಲ್ಲಿ ಸೊಪ್ಪು ಹೇರಿಕೊಂಡು ರಸೆಲ್ ಮಾರ್ಕೆಟ್ಟಿಗೆ ಬರುತ್ತಿದ್ದ. ಕಂಡಾಗಲೆಲ್ಲ "ಏನವ್ವಾ ಸೊಸೆ" ಎಂದು ಒಂದು ಕಟ್ಟು ದಂಟು ಕೈಗಿಡುವವನು. ಅವತ್ತು ಬುಧವಾರ. ಯಶೋದಮ್ಮ ಗುಂಡಿ ತರಲು ಹೋದವಳು ಅವನ ಎದುರಿಗೇ ಬಂದಳು. ಬೂದಿ ಸೀರೆ. ಬರಿ ಕೈ. ಹೂವಿಲ್ಲದ ತಲೆ. ರಾತ್ರಿ ನಿದ್ದೆಯಿಲ್ಲದೆ ಹೊಲಿದು ಕಣ್ಣು ಕೆಂಪಗಿದ್ದವು.

ಆದಿನಾರಾಯಣ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೈಯಲ್ಲಿದ್ದ ದಂಟಿನ ಕಟ್ಟು ಹಾಗೇ ಉಳಿಯಿತು. ಮುಖ ತಿರುಗಿಸಿ ಎತ್ತಿನ ನೊಗ ಹಿಡಿದ.

"ಮಾವ, ಚೆನ್ನಾಗಿದ್ದೀರಾ? ಅತ್ತೆ ಹೇಗಿದ್ದಾರೆ?"

"ಇದ್ದಾಳೆ," ಎಂದ. ತಿರುಗಲಿಲ್ಲ. ಮಾರದ ಸೊಪ್ಪು ಗಾಡಿಯಲ್ಲೇ ಇರುವಾಗ ಗಾಡಿ ಹೊಡೆದುಕೊಂಡು ಹೋದ.

ಏನೋ ಅವಸರ ಎಂದುಕೊಂಡಳು. ಗುಂಡಿ ತೆಗೆದುಕೊಂಡು ಅಂಗಡಿಗೆ ಮರಳಿದಳು.

ಕ್ರಿಸ್‌ಮಸ್ ಮುಗಿದ ಭಾನುವಾರ ಅವಳು ಹೊರಮಾವಿಗೆ ಹೊರಟಳು. ಆಂಜನಮ್ಮ ಬಳೆ ಏರಿಸಿದಳು, ಹೂ ಮುಡಿಸಿದಳು, ಕುಂಕುಮ ಇಟ್ಟಳು. ಅತ್ತೆಗೆಂದು ಯಶೋದಮ್ಮ ಬಾಳೆಹಣ್ಣು ತೆಗೆದುಕೊಂಡಳು. ಸಿಕ್ಕ ಗಾಡಿಯಲ್ಲಿ ಅರ್ಧ ದಾರಿ, ನಡೆದು ಅರ್ಧ ದಾರಿ.

ಊರ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರು ಅವಳನ್ನು ಕಂಡು ಹಗ್ಗ ಬಿಟ್ಟರು. ಕೊಡ ಬಾವಿಗೆ ಬಿದ್ದ ಸದ್ದು ಕೇಳಿಸಿತು.

ಅತ್ತೆಯ ಮನೆ ಮುಂದೆ ಚಪ್ಪರ. ಮೈದುನ ಮುನಿರಾಜಪ್ಪ ಅಂಗಳದಲ್ಲಿ ಕೂತಿದ್ದ. ಅವನ ತಲೆ ಬೋಳು. ಎಲೆಯ ಮೇಲೆ ಎಡೆ ಹಾಕಿತ್ತು. ಅನ್ನ, ಕಡಲೆ ಸಾರು, ವಡೆ, ಒಂದು ಕಟ್ಟು ಬೀಡಿ. ಸಂಜೀವಪ್ಪ ಸೇದುತ್ತಿದ್ದ ಬೀಡಿ.

ಯಶೋದಮ್ಮನ ಕೈಯಿಂದ ಬಾಳೆಹಣ್ಣು ಜಾರಿತು. ಅವಳಿಗೆ ಒಂದೇ ಯೋಚನೆ. ಇವರಿಗೆ ಸುದ್ದಿ ಬಂದಿದೆ. ನನಗೆ ಹೇಳಿಲ್ಲ.

ದೊಡ್ಡಮುನಿಯಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು.

"ಬಾರವ್ವ. ಹೂವು ಮುಡ್ಕೊಂಡು ಬಂದ್ಯಾ? ನನ್ ಮಗನ ಹನ್ನೊಂದನೇ ದಿನಕ್ಕೆ ಕೈತುಂಬ ಬಳೆ ಹಾಕ್ಕೊಂಡು ಬಂದ್ಯಾ? ನಂಗೆ ಹೇಳ್ದೆ ಅಲ್ಲೇ ಎಲ್ಲಾ ಮುಗಿಸ್ಕೊಂಡೆ. ಈಗ ಯಾರ್ ಹೆಸರಲ್ಲಿ ಈ ಸಿಂಗಾರ?"

ಯಶೋದಮ್ಮನ ಕಿವಿಗೆ ಮಾತು ಬಿತ್ತು, ಅರ್ಥ ಹೊಳೆಯಲಿಲ್ಲ. "ಹನ್ನೊಂದನೇ ದಿನ" ಎಂಬುದಷ್ಟೇ ಉಳಿಯಿತು. ಅಂಗಳದಲ್ಲೇ ಕುಸಿದು ಕೂಗಿದಳು. ಆ ಕೂಗಿಗೆ ಕಾದಿದ್ದವರಂತೆ ಇಬ್ಬರು ಮುದುಕಿಯರು ಬಂದು ಅವಳ ಕೈ ಹಿಡಿದು ಒರಳುಕಲ್ಲಿಗೆ ಬಡಿದರು. ಹನ್ನೆರಡು ಬಳೆ. ಹೂವು ಕಿತ್ತರು. ಸೆರಗಿನಿಂದ ಹಣೆ ಒರೆಸಿದರು. ಕತ್ತಿನ ತಾಳಿಗೆ ಕೈ ಹಾಕುವಾಗ ಅವಳು ಕೇಳಿದಳು.

"ತಂತಿ ಯಾವಾಗ ಬಂತು ಅತ್ತೆ?"

"ಯಾವ ತಂತಿ? ವಿಳಾಸ ನಿಂದು. ನಿಂಗೆ ತಾನೆ ಬರೋದು?"

"ನಂಗೆ ಬಂದಿಲ್ಲ."

ಮುದುಕಿಯರ ಕೈ ನಿಂತಿತು. ದೊಡ್ಡಮುನಿಯಮ್ಮ ಆದಿನಾರಾಯಣನ ಕಡೆ ತಿರುಗಿದಳು. ಅವನು ಚಪ್ಪರದ ಗಳು ಹಿಡಿದು ನಿಂತಿದ್ದ.

"ನಾನು ಕಣ್ಣಾರೆ ಕಂಡೆ ಕಣಕ್ಕ. ಬರಿಗೈ. ಕತ್ತಲ್ಲಿ ತಾಳಿ ಇಲ್ಲ. ಬೂದಿ ಸೀರೆ. ಅತ್ತು ಕಣ್ಣು ಕೆಂಪಗಾಗಿತ್ತು."

"ಕೇಳಿದ್ಯಾ ಅವಳನ್ನ?"

"ಗಂಡ ಸತ್ತೋಳನ್ನ ಬೀದೀಲಿ ನಿಲ್ಲಿಸಿ, ನಿನ್ ಗಂಡ ಸತ್ನಾ ಅಂತ ಕೇಳ್ತಾರೇನಕ್ಕ?"

ಯಾರೂ ಅವನನ್ನು ಬೈಯಲಿಲ್ಲ. ಅವನ ಜಾಗದಲ್ಲಿದ್ದಿದ್ದರೆ ಅವರೂ ಕೇಳುತ್ತಿರಲಿಲ್ಲ.

"ಅದು ಅಂಗಡಿ ಉಡುಪು ಮಾವ," ಎಂದಳು ಯಶೋದಮ್ಮ. "ಫ್ರೆಂಚರ ತರ. ತಾಳಿ ರವಿಕೆ ಒಳಗಿತ್ತು."

ಆ ಮಾತು ಆ ಅಂಗಳದಲ್ಲಿ ಯಾರಿಗೂ ತಿಳಿಯಲಿಲ್ಲ. ಮುನಿರಾಜಪ್ಪ ತನ್ನ ಬೋಳುತಲೆ ಮುಟ್ಟಿ ನೋಡಿಕೊಂಡ. ಹತ್ತು ದಿನದ ಹಿಂದೆ ಅವನು ಹುಲ್ಲಿನಲ್ಲಿ ಆಳಿನ ಬೊಂಬೆ ಕಟ್ಟಿ, ಅದಕ್ಕೆ ಅಣ್ಣನ ಅಂಗಿ ತೊಡಿಸಿ, ತಾನೇ ಕೊಳ್ಳಿ ಇಟ್ಟಿದ್ದ.

"ಅತ್ತೆ, ಅವರು ಬದುಕಿದ್ರೆ?"

ದೊಡ್ಡಮುನಿಯಮ್ಮ ಮನೆಯ ಮಾಡಿನ ಕಡೆ ಕೈ ತೋರಿಸಿದಳು. "ಬದುಕಿದ್ರೆ ಬರಲಿ. ಕರ್ಮ ಮಾಡ್ಸಿಕೊಂಡೋನು ಮುಂಬಾಗಿಲಲ್ಲಿ ಬರಂಗಿಲ್ಲ. ಹೆಂಚು ತೆಗೆದು ಮೇಲಿಂದ ಇಳಿಸ್ಕೊಂಡು, ಹೊಸದಾಗಿ ಹೆಸರಿಡ್ತೀನಿ. ಮೊದ್ಲು ಬರಲಿ." ಆಮೇಲೆ ಎಡೆಯ ಕಡೆ ನೋಡಿ, ಕಾಗೆ ಆಗಲೇ ಅನ್ನ ಮುಟ್ಟಿದ್ದನ್ನು ಕಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಾಳಿ ಕತ್ತಿನಲ್ಲೇ ಉಳಿಯಿತು. ಬಳೆ ಉಳಿಯಲಿಲ್ಲ.

ಸೋಮವಾರ ಯಶೋದಮ್ಮ ಹಲಸೂರಿನ ಬಳೆಗಾರನ ಮುಂದೆ ಕೈ ಚಾಚಿ ಕೂತಳು. ಇನ್ನು ಒಂದು ಗಳಿಗೆಯೂ ಬರಿಗೈಯಲ್ಲಿ ಇರುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದಳು. ನಿಜವಾದ ಸುದ್ದಿ ಬರುವವರೆಗೆ ತಾನು ಮುತ್ತೈದೆ. ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಸುದ್ದಿ ಅವಳಿಗಿಂತ ಮುಂಚೆ ಹಲಸೂರಿಗೆ ಬಂದಿತ್ತು. ಬಳೆಗಾರ ಬಳೆಯ ಮಲಾರ ಮುಚ್ಚಿದ.

"ನಂಗೂ ಹೆಣ್ಮಕ್ಕಳಿದ್ದಾರೆ ತಾಯಿ. ಬಳೆ ಒಡೆದ ಕೈಗೆ ನಾನು ತೊಡಿಸಲ್ಲ."

ಅಂಗಡಿಯಲ್ಲಿ ಎಲ್ಲ ಕೇಳಿದ ಉಮ್ಮೆ ಕುಲ್ಸುಂ ಗುಂಡಿಯ ಪೊಟ್ಟಣ ಕೆಳಗಿಟ್ಟಳು. ತನ್ನ ಕೈಗೆ ಎಣ್ಣೆ ಹಚ್ಚಿ, ಒಂದೊಂದಾಗಿ ಬಳೆ ಇಳಿಸಿದಳು.

"ತೊಗೋ. ನಿಮ್ ಬಳೆಗಾರ ತೊಡಿಸಲ್ಲ ಅಂದ್ರೆ ನಾನು ತೊಡಿಸ್ತೀನಿ. ನಮ್ಮಲ್ಲಿ ಗಾಜಿಗೆ ಅಷ್ಟೊಂದು ಕಾನೂನಿಲ್ಲ."

"ನಿನ್ ಕೈ ಖಾಲಿ ಆಯ್ತಲ್ಲೇ."

"ನನ್ ಗಂಡ ಮನೇಲಿ ಬಿದ್ಕೊಂಡಿದ್ದಾನೆ, ಗೊರಕೆ ಹೊಡೀತಾ. ಅವನ್ಗೇನೂ ಆಗಲ್ಲ. ಅಳ್ಬೇಡ, ನಗು."

ಯಶೋದಮ್ಮ ಆ ಬಳೆ ಹಾಕಿಕೊಂಡೇ ಹೊಲಿದಳು. ಮೂರನೇ ದಿನ ಒಬ್ಬ ಕರ್ನಲನ ಹೆಂಡತಿಯ ನೀಲಿ ರೇಷ್ಮೆ ಬಳೆಗೆ ಸಿಕ್ಕಿ ಗೇಣುದ್ದ ಹರಿಯಿತು. ಪಾಂಡಿಚೇರಿಯಮ್ಮ ಬೈಯಲಿಲ್ಲ. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಬಳೆಯೋ ಕೆಲಸವೋ, ನೀನೇ ಹೇಳು."

"ಬಳೆ," ಎಂದಳು ಯಶೋದಮ್ಮ.

ಕನ್ನಡಿಯ ಮುಂದೆ ನಿಲ್ಲದೆ ಹೊರಗೆ ಬಂದಳು.

ಜನವರಿಯ ಎರಡನೇ ವಾರ ಪೋಸ್ಟಿನವನು ಮನೆ ಮುಂದೆ ನಿಂತ. ಸೈಕಲ್ಲಿನಿಂದ ಇಳಿದ. ಬಾಗಿಲ ಸಂದಿಯಲ್ಲಿದ್ದ ಆಂಜನಮ್ಮ ಬಾಗಿಲು ತೆರೆದಳು. ತಂತಿಯನ್ನು ಅವನೇ ಓದಿ ಹೇಳಿದ. ಸಂಜೀವಪ್ಪ ಡಿಸೆಂಬರ್ ಮೂರನೇ ತಾರೀಕು ಸತ್ತಿದ್ದ. ಲಾರಿ ಕಣಿವೆಗೆ ಬಿದ್ದು.

ಅಳು ಹೊರಮಾವಿನಲ್ಲಿ ಆಗಲೇ ಖರ್ಚಾಗಿತ್ತು. ಸುದ್ದಿ ತಿಳಿದು ಯಾರೂ ಚಪ್ಪರ ಹಾಕಲಿಲ್ಲ. ಒಬ್ಬನಿಗೆ ಎರಡು ಸಲ ಮಾಡುವಂತಿಲ್ಲ. ಯಶೋದಮ್ಮ ಒಬ್ಬಳೇ ಅತ್ತಳು. ಈ ಸಲ ಬಳೆ ಒಡೆಯಲು ಯಾರೂ ಬರಲಿಲ್ಲ. ಉಮ್ಮೆ ಕುಲ್ಸುಂನ ಬಳೆಗಳನ್ನು ತಾನೇ ಸೋಪು ಹಚ್ಚಿ ತೆಗೆದು, ಒರೆಸಿ, ಕಾಗದದಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟಳು.

ಬಾಕಿ ಸಂಬಳಕ್ಕೆಂದು ಅಂಗಡಿಗೆ ಹೋದಾಗ ಗೋಡೆಯ ಕ್ಯಾಲೆಂಡರ್ ನೋಡಿದಳು. ಹಳೆಯದು, ಇನ್ನೂ ತೆಗೆದಿರಲಿಲ್ಲ. ಡಿಸೆಂಬರ್ ಮೂರು ಕೆಂಪು ಅಂಕಿಯಲ್ಲಿತ್ತು. ಭಾನುವಾರ.

ಅಂದೇ ಹೊರಮಾವಿಗೆ ಹೋದಳು. ದೊಡ್ಡಮುನಿಯಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತೆ, ಅವರು ಹೋಗಿದ್ದು ಭಾನುವಾರ. ಭಾನುವಾರ ನನ್ ಕೈತುಂಬ ಬಳೆ ಇತ್ತು. ಹೂವು ಇತ್ತು, ಕುಂಕುಮ ಇತ್ತು. ಚಿಕ್ಕಮ್ಮನ್ನ ಕೇಳಿ."

ಮೊರ ನಿಂತಿತು.

"ಬುಧವಾರ ಇರ್ಲಿಲ್ಲ ಅಲ್ವಾ?" ಎಂದಳು ಅತ್ತೆ. ಮೊರ ಮತ್ತೆ ಆಡಿತು.

ಯಶೋದಮ್ಮ ಹಲಸೂರಿನಲ್ಲೇ ಉಳಿದಳು. ಬಾಡಿಗೆಯ ಮಿಷನ್ನಿನಲ್ಲಿ ರವಿಕೆ ಹೊಲಿದು ಬದುಕಿದಳು. ಅವಳು ಬೂದಿ ಸೀರೆ ಉಟ್ಟರೆ ಈಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದೀಗ ವಿಧವೆಗೆ ತಕ್ಕ ಉಡುಪಾಗಿತ್ತು. ನೆರೆಯ ಹೆಂಗಸರು ಪಾಂಡಿಚೇರಿಯಮ್ಮನ ಕತ್ತರಿಯ ರವಿಕೆ ಕೇಳಿ ಬರುತ್ತಿದ್ದರು. ಯಶೋದಮ್ಮ ಹೊಲಿದುಕೊಡುತ್ತಿದ್ದಳು. ಕೈ ಎತ್ತಿದರೆ ಎಳೆಯುವುದಿಲ್ಲ, ಬಟ್ಟೆ ಕಡಿಮೆ ಸಾಕು, ಒಳ್ಳೆಯ ಹೊಲಿಗೆ. ಅದನ್ನು ಕೆಟ್ಟದ್ದೆಂದು ಅವಳು ಯಾವತ್ತೂ ಹೇಳಲಿಲ್ಲ. ಕುತ್ತಿಗೆ ಮಾತ್ರ ತಾಳಿ ಕಾಣುವಷ್ಟು ಇಳಿಸಿ ಕತ್ತರಿಸುತ್ತಿದ್ದಳು.

ಅಳತೆ ತೆಗೆಯುವಾಗ ಯಾವ ಹುಡುಗಿಯಾದರೂ ಅಡ್ಡ ಬರುತ್ತದೆಂದು ಬಳೆ ತೆಗೆಯಲು ಹೋದರೆ, ಟೇಪು ಬಿಟ್ಟು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳು.

"ಇರ್ಲಿ ಬಿಡು. ಬಳೆ ಮೇಲೇ ಅಳೀತೀನಿ."