ಅಕ್ಕನಿಲ್ಲದೆ ನಿಲ್ಲಿಸಿದ ಚೌಕಟ್ಟು

ಅಕ್ಕಾ, ಅಂದು ನಿನ್ನನ್ನು ದೂರ ಇಟ್ಟವರು ನಮ್ಮ ಅತ್ತೆಯಲ್ಲ. ನಾನು. ಹೊಸ ಮನೆಯ ಬಾಗಿಲ ಚೌಕಟ್ಟು ನಿಲ್ಲಿಸುವಾಗ ಗಂಡನನ್ನು ಕಳೆದುಕೊಂಡ ನೀನು ಅಲ್ಲಿರಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ — ನಾನೇ ಅಂದುಕೊಂಡೆ, ನಿನಗೆ ಸುಳ್ಳು ಹೇಳಿದೆ, ಆಮೇಲೆ ಆ ತಪ್ಪನ್ನು ಅತ್ತೆಯ ತಲೆಗೆ ಕಟ್ಟಿದೆ.

ವಿಕಾರಾಬಾದಿನ ಆಚೆ, ಕಾಡಿನ ಅಂಚಿನ ಆ ತುಂಡು ನೆಲವನ್ನು ಕೊಂಡಾಗ ಸೀತಾಫಲದ ಪೊದೆ, ಕೆಂಪು ಕಲ್ಲು ಬಿಟ್ಟರೆ ಅಲ್ಲಿ ಏನಿತ್ತು? ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಕುಳಿತು ನಾನೂ ನನ್ನ ಗಂಡನೂ ಬರೀ ಮಾತಿನಲ್ಲೇ ಮನೆ ಕಟ್ಟುತ್ತಿದ್ದೆವು — ಒಂದು ಪುಟ್ಟ ಕೋಣೆ, ಸುತ್ತ ಒಂದಿಷ್ಟು ಟೆಂಟು, ಊರಿನ ಗದ್ದಲಕ್ಕೆ ಬೇಸತ್ತವರು ಬಂದು ಮಲಗಿ ಹೋಗಲು. ಆ ಮಾತನ್ನು ಕೆಲಸಕ್ಕೆ ಹಚ್ಚಿದವಳು ನೀನು. ನಾಚಾರಂನ ಕಾರ್ಖಾನೆಯಲ್ಲಿ ವಾರವಿಡೀ ದುಡಿದು, ಭಾನುವಾರ ಬೆಳಗಿನ ರೈಲು ಹಿಡಿದು ಬರುತ್ತಿದ್ದೆ. ಟೆಂಟು ಹಾಕಲು ಕಲ್ಲು ಆರಿಸಿ ನೆಲ ಹಸನು ಮಾಡಿದೆ. ಆ ಹಳೆಯ ತೇಗದ ಚೌಕಟ್ಟನ್ನು ಹುಡುಕಿದವಳೂ ನೀನೇ. ಹಳೇ ಕಟ್ಟಿಗೆ ಮಾರುವವನ ಜೊತೆ ನಿನ್ನ ಮುರುಕು ಹಿಂದಿಯಲ್ಲಿ ಎಷ್ಟು ಜಗಳವಾಡಿದೆಯೆಂದರೆ, ಅವನು ಕೈಮುಗಿದು ನಮಗೇ ಚಹಾ ತರಿಸಿದ. ಅಂದು ದಾರಿಯುದ್ದಕ್ಕೂ ನಕ್ಕೆವು, ನೆನಪಿದೆಯಾ?

ನಮ್ಮ ಕಡೆ ಚೌಕಟ್ಟು ನಿಲ್ಲಿಸುವುದೆಂದರೆ ಅರಿಸಿನ ಕುಂಕುಮ ಹಚ್ಚಬೇಕು, ನವಧಾನ್ಯದ ಗಂಟು ಕಟ್ಟಬೇಕು, ಮುತ್ತೈದೆಯರು ಆರತಿ ಎತ್ತಬೇಕು. ಬೇರೆಯವರ ಮನೆಯಲ್ಲಿ ಇಂಥ ಶಾಸ್ತ್ರದ ವಿರುದ್ಧ ನಾನು ಭಾಷಣ ಬಿಗಿಯುತ್ತಿದ್ದವಳು! ನನ್ನ ಮಗಳ ಸೀಮಂತದಲ್ಲಿ ನಿನ್ನನ್ನು ಎಳೆದು ತಂದು ಮುಂದೆ ಕೂರಿಸಿ, ಮೂಗು ಮುರಿದವರ ಬಾಯಿ ಮುಚ್ಚಿಸಿದ್ದೆ. ಆದರೆ ಆ ವರ್ಷ ಇವರ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೆವು... ಬೇಡ, ಅದನ್ನು ನೆಪ ಮಾಡಲಾರೆ. ನಿನ್ನ ನೆರಳಿನಿಂದ ನನ್ನ ಗಂಡನಿಗೆ ಕೇಡಾದೀತು ಎಂದು ಹೆದರಿದೆ. ನನ್ನನ್ನು ಎತ್ತಿ ಆಡಿಸಿದ ನಿನ್ನ ಬಗ್ಗೆ ಹಾಗೆ ಯೋಚಿಸಿದೆ. ನಾಚಿಕೆಯಾಗುತ್ತದೆ, ಆದರೆ ನಿಜ ಇಷ್ಟೇ.

ಫೋನು ಮಾಡಿ ಅಂದೆ — "ಮೇಸ್ತ್ರಿ ಊರಿಗೆ ಹೋಗ್ಯಾನಂತಕ್ಕಾ. ಚೌಕಟ್ಟ ಮುಂದಿನ ವಾರ ನಿಲ್ಲಸ್ತೀವಿ. ಈ ಸಲ ನೀ ಬರಬ್ಯಾಡ."

"ಆತ್ ಬಿಡವಾ, ಒಂದಿನ ಮಲಗತೀನಿ," ಅಂದೆ ನೀನು.

ಮುಂದಿನ ವಾರ ನೀನು ಹೊಸ ಸೀರೆ ಉಟ್ಟು ಬಂದೆ. ಆಗಲೇ ನಿಂತಿದ್ದ ಚೌಕಟ್ಟಿನ ಮೇಲೆ ಅರಿಸಿನ ಒಣಗಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ದನಿ ತಗ್ಗಿಸಿ ಕೇಳಿದೆ — "ಯಾರು ಬ್ಯಾಡ ಅಂದ್ರು ಸುಮ್ಮಿ?"

ಅತ್ತೆ ಅಲ್ಲೇ ಮರದ ಕೆಳಗೆ ನಮಗೆಲ್ಲ ರೊಟ್ಟಿ ಬಡಿಯುತ್ತಿದ್ದರು. ನಾನು ಅವರ ಕಡೆ ಕಣ್ಣು ತೋರಿಸಿದೆ.

ನೀನು ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲು ಆರಿಸಲು ಹೋದೆ. ಜಗಳವಾಡಿದ್ದರೆ — ಆಡಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಗೊತ್ತಿಲ್ಲ. ಮನೆ ಮುಗಿಯಿತು, ನಗರದ ಗಚ್ಚಿಬೌಲಿಯಿಂದ ಕಾರುಗಳಲ್ಲಿ ಜನ ಬರತೊಡಗಿದರು. ನೀನೂ ಬರುವುದನ್ನು ಬಿಡಲಿಲ್ಲ. ಅತಿಥಿಗಳಿಗೆ ಅಡುಗೆ ಮಾಡುತ್ತೀ, ಗಿಡಗಳಿಗೆ ನೀರು ಹಾಕುತ್ತೀ, ಆದರೆ ಇಷ್ಟು ವರ್ಷಗಳಲ್ಲಿ ಆ ಬಾಗಿಲು ದಾಟಿ ಒಳಗೆ ಕಾಲಿಟ್ಟಿಲ್ಲ. ಚಳಿಯಲ್ಲೂ "ನನಗ ಟೆಂಟ ಛಲೋ ಐತಿ" ಅನ್ನುತ್ತೀ. ಬಂದವರೆಲ್ಲ ನಿನಗೆ ಕಾಡೆಂದರೆ ಪ್ರೀತಿ ಅಂದುಕೊಳ್ಳುತ್ತಾರೆ. ನಾನು ಅವರ ಜೊತೆ ನಗುತ್ತೇನೆ.

ಅತ್ತೆಗೆ ನೀನು ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟೆ. ಅವರು ಎಷ್ಟೋ ಸಲ ನನ್ನನ್ನು ಕೇಳಿದರು — "ನಿಮ್ಮಕ್ಕಗ ನನ್ನ ಮ್ಯಾಲ ಏನ ಸಿಟ್ಟೈತಿ? ನಾ ಏನರ ಅಂದೀನೇನು?" ನಾನು ಅಡುಗೆ ಕೆಲಸದಲ್ಲಿ ಕೇಳಿಸದವಳಂತೆ ಇದ್ದುಬಿಡುತ್ತಿದ್ದೆ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ನೀನು ದೂರದ ಗೋಡೆಗೆ ಆನಿಕೊಂಡು ನಿಂತೆ, ಹತ್ತಿರ ಬರಲಿಲ್ಲ. ನಾನು ಮಾತ್ರ ಅವರ ಕಾಲು ಹಿಡಿದು ಅಳುತ್ತಿದ್ದೆ. ಅವರ ಮುಂದೆ ತಪ್ಪೊಪ್ಪಿಕೊಳ್ಳುವ ದಾರಿ ಇನ್ನಿಲ್ಲ.

ಈ ಭಾನುವಾರ ನೀನು ಬಂದಾಗ ಇದೆಲ್ಲವನ್ನೂ ಎದುರಿಗೆ ಕೂತು ಹೇಳುತ್ತೇನೆ. ಮನೆಯೊಳಗೆ ಬಾ ಎಂದು ಕರೆಯಲಾರೆ. ಕರೆಯುವ ಬಾಯಿ ನನಗಿಲ್ಲ. ಕ್ಷಮಿಸು ಎಂದೂ ಕೇಳಲಾರೆ. ಆದರೆ ಒಂದು ಮಾತು ನಿನಗೆ ತಲುಪಬೇಕು. ಅಂದು ಆರತಿ ಸಿದ್ಧವಾಗಿತ್ತು, ಮೇಸ್ತ್ರಿ ಅವಸರ ಮಾಡುತ್ತಿದ್ದ. ಅತ್ತೆ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಾ ಅಂದರು — "ತಡಿರಿ, ಚೌಕಟ್ಟ ಆರಿಸಿ ತಂದಾಕಿನ ಬಂದಿಲ್ಲ. ಅಕಿ ಬರೂತನಕ ನಿಲ್ಲೂಣು."

"ಅಕಿ ಬರೂದಿಲ್ಲಂತರಿ ಅತ್ತಿ," ಅಂದೆ ನಾನು.