ಯಾವಾ ಗಾಡಿ

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗಯಾಸುದ್ದೀನನ ಗ್ಯಾರೇಜಿದೆ. ಮುಂದೆ ತಗಡಿನ ಚಪ್ಪರ, ಒಳಗೆ ಒಂದೇ ಕೋಣೆ. ಬೋರ್ಡು ಬರೆಸಿಲ್ಲ, ಬರೆಸುವ ಅಗತ್ಯವೂ ಬಿದ್ದಿಲ್ಲ. ಹೊಸ ಗಾಡಿಗಳು ಬಂದರೆ ದೂರದ ನೆಂಟರನ್ನು ಮಾತಾಡಿಸಿದ ಹಾಗೆ ಮಾತಾಡಿಸಿ ಕಳಿಸಿಬಿಡುತ್ತಾನೆ. ಅವನ ಕೈ ಪಳಗಿರುವುದು ಹಳೇ ಜಾವಾ ಬೈಕುಗಳಲ್ಲಿ. ಪಿರಿಯಾಪಟ್ಟಣವಿರಲಿ, ಎಚ್.ಡಿ. ಕೋಟೆಯಿರಲಿ, ಯಾರ ಮನೆ ಹಿತ್ತಿಲಲ್ಲಿ ಜಾವಾ ಕೆಟ್ಟು ನಿಂತರೂ ಗೂಡ್ಸ್ ಆಟೋಕ್ಕೆ ಹೇರಿ ಇವನ ಬಾಗಿಲಿಗೇ ತರುತ್ತಾರೆ. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಹಟ ಜಾಸ್ತಿ. ಆ ಹಟಕ್ಕೆ ತಕ್ಕ ಗೆಳೆಯನೊಬ್ಬ ಅವನಿಗೆ ಸಿಕ್ಕಿದ್ದ.

ಕಟ್ಟೆಮಳಲವಾಡಿಯ ಚಿಕ್ಕಬಸಪ್ಪ, ಹೊಗೆಸೊಪ್ಪು ಬೆಳೆಯುವ ರೈತ. ಹರೆಯದಲ್ಲಿ ಮೈಸೂರಿನಲ್ಲಿ ಆ ಬೈಕುಗಳನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಬಂದ. ಬರುವಾಗ ಒಂದು ಕಡುಗೆಂಪು ಬೈಕನ್ನು ತಂದ, ಜೊತೆಗೆ ಒಂದು ನಂಬಿಕೆಯನ್ನೂ ತಂದ. ಅದರ ಹೆಸರು ಜಾವಾ ಅಲ್ಲ, ಯಾವಾ. ಅದನ್ನು ಮೊದಲು ಮಾಡಿದ ದೇಶದ ಜನ ಹಾಗೇ ಅನ್ನುತ್ತಾರೆ, ಅಲ್ಲಿಂದ ಬಂದವರೊಬ್ಬರ ಬಾಯಲ್ಲಿ ತಾನೇ ಕೇಳಿದ್ದೇನೆ ಅನ್ನುವುದು ಅವನ ವಾದ.

ಮೊದಲ ಸಲ ಗ್ಯಾರೇಜಿಗೆ ಬಂದ ದಿನ ಗಯಾಸುದ್ದೀನ್ ತಲೆ ಎತ್ತದೆ, ಯಾವ ಗಾಡಿ ಎಂದು ಕೇಳಿದ್ದ. ಯಾವಾ ಗಾಡಿ ಎಂದ ಚಿಕ್ಕಬಸಪ್ಪ. ಅದನ್ನೇ ಕೇಳ್ತಿರೋದು, ಯಾವ ಗಾಡಿ? ಅದನ್ನೇ ಹೇಳ್ತಿರೋದು, ಯಾವಾ ಗಾಡಿ. ಇವನಿಗೆ ತಲೆ ಸರಿಯಿಲ್ಲ ಎಂದುಕೊಂಡು ಗಯಾಸುದ್ದೀನ್ ತಲೆ ಎತ್ತಿ ನೋಡಿದ. ಅವತ್ತು ಶುರುವಾದ ಜಗಳ ಇಬ್ಬರ ತಲೆಗೂದಲು ಬೆಳ್ಳಗಾದರೂ ಮುಗಿಯಲಿಲ್ಲ.

ಸಂತೆಗೆ ಬಂದಾಗಲೆಲ್ಲ ಚಿಕ್ಕಬಸಪ್ಪ ಗ್ಯಾರೇಜಿನ ಮುಂದೆ ಬೈಕು ನಿಲ್ಲಿಸಿ, ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಮಾತು ತೆಗೆಯುತ್ತಿದ್ದ. ಸುತ್ತ ಕೂತವರು ಒಂದೊಂದು ಕಡೆ ಸೇರುತ್ತಿದ್ದರು. ಒಂದು ಸಲ ಮಹೇಶ್‌ಕುಮಾರ್ ಮೇಷ್ಟ್ರು ತಮ್ಮ ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ತೋರಿಸಿದರು. ಅದರಲ್ಲಿ ಬಿಳೀ ಮುದುಕನೊಬ್ಬ ತನ್ನ ಬೈಕಿನ ಟ್ಯಾಂಕು ಸವರುತ್ತಾ ಸ್ಪಷ್ಟವಾಗಿ ಯಾವಾ ಎಂದ. ಗಯಾಸುದ್ದೀನ್ ಅಲ್ಲಾಡಲಿಲ್ಲ. ಅವರೂರಲ್ಲಿ ಏನಾದರೂ ಅಂದುಕೊಳ್ಳಲಿ, ಹುಣಸೂರಿಗೆ ಬಂದ ಮೇಲೆ ಅದು ಜಾವಾ, ಕರೆಯುವವರ ಬಾಯಲ್ಲಿ ಇರುವುದೇ ಹೆಸರು ಎಂದ.

ಅವತ್ತು ಮಾತ್ರ ಚಿಕ್ಕಬಸಪ್ಪ ನಗಲಿಲ್ಲ. "ಅಂಗಲ್ಲ ಕಣೋ ಗಯಾಸ. ಹುಟ್ಟಿಸಿದೋರು ಇಟ್ಟ ಹೆಸರಿರ್ತದೆ. ಅದನ್ನ ಒಂದ್ಸಲನಾದ್ರೂ ಸರಿಯಾಗಿ ಕರೀಬೇಕು," ಎಂದ. ಊರಿನವರಿಗೆಲ್ಲ ಗಯಾಸುದ್ದೀನ್ ಗಯಾಸಣ್ಣ, ಇಲ್ಲವೇ ಸಾಬ್ರು. ಬರೀ ಗಯಾಸ ಎನ್ನುತ್ತಿದ್ದವನು ಅವನೊಬ್ಬನೇ.

ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಚಿಕ್ಕಬಸಪ್ಪ ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ, ಒಲೆಗೆ ಸೌದೆ ಒಟ್ಟುತ್ತಿದ್ದ ಹಾಗೇ ಕುಸಿದು ಹೋದ. ಹೊಲದ ಅಂಚಿನ ಹೊಂಗೆಮರದ ಕೆಳಗೆ ಸಮಾಧಿ ಮಾಡಿದರು. ಗಯಾಸುದ್ದೀನನೂ ಒಂದು ಹಿಡಿ ಮಣ್ಣು ಹಾಕಿ ಬಂದ. ದಾರಿಯಲ್ಲಿ ಅಳು ಬರಲಿಲ್ಲ. ಯಾರೋ ಅರ್ಧ ಮಾತಾಡಿ ಎದ್ದುಹೋದ ಹಾಗೆ ಅನಿಸುತ್ತಿತ್ತು, ಅಷ್ಟೆ.

ಸ್ವಲ್ಪ ದಿನ ಕಳೆದ ಮೇಲೆ ಚಿಕ್ಕಬಸಪ್ಪನ ಹೆಂಡತಿ ನೀಲಾಂಬಿಕೆ ಗೂಡ್ಸ್ ಆಟೋ ಓಡಿಸುವ ತನ್ನ ತಮ್ಮ ಶಿವಶಂಕರನ ಕೈಲಿ ಬೈಕು ಕಳಿಸಿದರು. ಗಂಡ ತೀರಿಹೋದ ದಿನದಿಂದ ಸ್ಟಾರ್ಟ್ ಆಗುತ್ತಿಲ್ಲವಂತೆ. ಗಯಾಸುದ್ದೀನ್ ಪ್ಲಗ್ ಬದಲಿಸಿದ. ಕಾರ್ಬೊರೇಟರ್ ಬಿಚ್ಚಿ ತೊಳೆದ. ಪಾಯಿಂಟು, ಕಾಯಿಲ್ಲು, ವೈರು ಎಲ್ಲ ನೋಡಿದ. ಕಿಡಿ ಬರುತ್ತಿತ್ತು, ಪೆಟ್ರೋಲು ಇಳಿಯುತ್ತಿತ್ತು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಕಿಕ್ ಹೊಡೆದಾಗಲೆಲ್ಲ ಒಳಗಿನಿಂದ ಒಂದು ಸಣ್ಣ ನಿಟ್ಟುಸಿರಿನಂಥ ಸದ್ದು ಬಂದು ನಿಲ್ಲುತ್ತಿತ್ತು. ಕೆಟ್ಟಿರುವುದು ಯಾವುದೂ ಇಲ್ಲದೆ ಗಾಡಿ ಹೀಗೆ ಸುಮ್ಮನಿರುವುದನ್ನು ಅವನು ಕಂಡಿರಲಿಲ್ಲ.

ಅದೇ ಹೊತ್ತಿಗೆ ಅವನಿಗೆ ಆ ಮಾತು ಕೇಳಿಸತೊಡಗಿತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ದಿನವಿಡೀ ಜನ ಕೇಳುವುದು ಅದನ್ನೇ ತಾನೇ. ಯಾವ ಬಸ್ಸು, ಯಾವ ಊರು, ಯಾವ ಗಾಡಿಗೆ ಬಂದಿರಿ. ಇಷ್ಟು ವರ್ಷ ಕಿವಿಗೆ ಬೀಳದೆ ಹೋಗುತ್ತಿದ್ದ ಮಾತು ಈಗ ಒಂದೊಂದಾಗಿ ತಟ್ಟಿ ಎಬ್ಬಿಸುತ್ತಿತ್ತು. ಹೂ ಮಾರುವ ತಿಮ್ಮಮ್ಮ ಬುಟ್ಟಿ ಇಳಿಸುತ್ತಾ, "ಯಾವಾ ಗಾಡಿ ವೋಯ್ತಾ ಸಾಬ್ರೇ?" ಎಂದಾಗ ಅವನ ಕೈಲಿದ್ದ ಸ್ಪ್ಯಾನರು ಜಾರಿ ಬಿತ್ತು. ಏನಂದಿರಿ ಎಂದು ಕೇಳಿದರೆ, ಕೋಟೆಗೆ ಯಾವುದಾದರೂ ಗಾಡಿ ಹೋಯಿತೇ ಎಂದು ಕೇಳಿದೆ ಅಂದಳು. ಆದರೆ ಅವನ ಕಿವಿಗೆ ಬಿದ್ದದ್ದು ಕೊನೆಯಲ್ಲಿ ಎಳೆದ ಮಾತು, ಚಿಕ್ಕಬಸಪ್ಪ ಎಳೆಯುತ್ತಿದ್ದ ಹಾಗೇ.

ಹೆಂಡತಿ ಜೀನತುನ್ನೀಸಾಳಿಗೆ ಹೇಳಿದ. ಗೆಳೆಯನನ್ನು ಕಳಕೊಂಡ ಕಿವಿಗೆ ಹಾಗಾಗುತ್ತದೆ, ಅವರಿಗಾಗಿ ದುವಾ ಮಾಡಿ ಎಂದಳು. ಮಾಡಿದ. ಎರಡು ದಿನ ಸಮಾಧಾನವಾಯಿತು.

ಆಮೇಲೆ ಒಂದು ಮಧ್ಯಾಹ್ನ, ಬೀದಿ ಬಿಸಿಲಿಗೆ ಖಾಲಿಯಾಗಿದ್ದಾಗ, ಸಾಲಿಗ್ರಾಮದ ಕಡೆಯ ಗಂಡ ಹೆಂಡತಿ ಸ್ಕೂಟರು ತಳ್ಳಿಕೊಂಡು ಬಂದರು. ಕೇಬಲ್ ತುಂಡಾಗಿತ್ತು. ಇಲ್ಲಿಗೇ ಯಾಕೆ ಬಂದಿರಿ, ದಾರಿಯಲ್ಲಿ ಬೇಕಾದಷ್ಟು ಗ್ಯಾರೇಜು ಇದ್ದವಲ್ಲ ಎಂದು ಗಯಾಸುದ್ದೀನ್ ಸುಮ್ಮನೆ ಕೇಳಿದ. ಹೆಂಗಸು ಹೇಳಿದಳು:

"ಕಟ್ಟೆಮಳಲವಾಡಿ ಹತ್ರ ಒಬ್ರು ಯಜಮಾನ್ರು ಸಿಕ್ಕಿದ್ರು ಕಣ್ರೀ. ಗಯಾಸನ ತಾವ ಹೋಗಿ, ಯಾವಾ ಗಾಡಿ ರಿಪೇರಿ ಮಾಡೋನು ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ ಅಂದ್ರು."

ಗಯಾಸುದ್ದೀನ್ ಕೇಬಲ್ ಹಾಕುವ ಕೈ ನಿಲ್ಲಿಸಿದ. ಅವರು ನಡೆದು ಹೋಗುತ್ತಿದ್ದರೇ ಎಂದು ಕೇಳಿದ. ಇಲ್ಲ, ಹಳೇ ಕೆಂಪು ಬೈಕಿನ ಮೇಲೆ ಕೂತಿದ್ದರು, ಟ್ಯಾಂಕಿನ ಪಕ್ಕೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಕಾಲು ನೆಲಕ್ಕೂರಿ ಎಂಜಿನ್ ಆಫ್ ಮಾಡದೆ ಮಾತಾಡಿದರು ಎಂದ ಗಂಡ. ಮಾತಾಡುತ್ತಾ ಅವನ ಕಣ್ಣು ಕೋಣೆಯೊಳಗೆ ಹೋಯಿತು. ಅಂಥದೇ ಗಾಡಿ, ಅಗೋ ಎಂದು ತೋರಿಸಿದ.

ಅವರು ಹೋದ ಮೇಲೆ ಗಯಾಸುದ್ದೀನ್ ಕೋಣೆಯೊಳಗೆ ಬಹಳ ಹೊತ್ತು ನಿಂತಿದ್ದ. ಬೈಕು ನಿನ್ನೆ ಹೇಗಿತ್ತೋ ಹಾಗೇ ಗೋಡೆಗೆ ಮುಖ ಮಾಡಿ ನಿಂತಿತ್ತು. ಮುಟ್ಟುವುದೋ ಬೇಡವೋ ಎಂದು ಕೈ ಹಿಂದೆಮುಂದೆ ನೋಡಿತು. ಕೊನೆಗೆ ಸೈಲೆನ್ಸರ್ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಸುಡುವಷ್ಟಲ್ಲ, ಊರೊಳಗಿಂದ ಒಂದು ಸುತ್ತು ಹೊಡೆದು ಬಂದ ಗಾಡಿ ಆರುತ್ತಿರುವಾಗ ಇರುತ್ತದಲ್ಲ, ಅಷ್ಟು. ಆ ಮೂಲೆಗೆ ಬಿಸಿಲು ಬೀಳುವುದಿಲ್ಲ. ಅವನು ಅಂಗೈಯನ್ನು ಪೈಜಾಮಕ್ಕೆ ಒರೆಸಿಕೊಂಡು ಬಾಗಿಲು ಹಾಕಿ ಮನೆಗೆ ಹೋದ.

ವಾರ ಕಳೆಯುವುದರೊಳಗೆ ನೀಲಾಂಬಿಕೆ ತಾವೇ ಗ್ಯಾರೇಜಿಗೆ ಬಂದರು. ಮುಖ ಬತ್ತಿಹೋಗಿತ್ತು. ಬೈಕು ಇಲ್ಲೇ ಇದೆಯಾ ಎಂದು ಮೊದಲು ಕೋಣೆಯೊಳಗೆ ಇಣುಕಿ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು, ಸೆರಗಿನ ತುದಿ ಸುತ್ತುತ್ತಾ ಹೇಳಿದರು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲೆ ಏರಿಯ ಮೇಲಿಂದ ಆ ಗಾಡಿಯ ಸದ್ದು ಬರುತ್ತದಂತೆ. ಹತ್ತಿರ ಹತ್ತಿರ ಬಂದು ಅಂಗಳದ ಮುಂದೆ ನಿಲ್ಲುತ್ತದಂತೆ. ಹೊರಗೆ ಹೋದರೆ ಯಾರೂ ಇರುವುದಿಲ್ಲ.

"ಬಂದು ನಿಂತ್ಕತಾರೆ, ಒಳಿಕ್ ಬರಕಿಲ್ಲ ಗಯಾಸಣ್ಣ. ಏನೋ ಬಾಕಿ ಉಳಿಸ್ಕೊಂಡವ್ರೆ. ಅದೇನು ಅಂತ ನನಗಿಂತ ನಿಮಗೇ ಗೊತ್ತು."

ಗಯಾಸುದ್ದೀನನಿಗೆ ಗೊತ್ತಿತ್ತು. ಒಂದು ಸಲವಾದರೂ ಅವನ ಬಾಯಲ್ಲಿ ಯಾವಾ ಅನ್ನಿಸಬೇಕೆಂದು ಚಿಕ್ಕಬಸಪ್ಪ ಎಷ್ಟು ಕಾದಿದ್ದನೆಂಬುದು ಆ ಬೀದಿಗೇ ಗೊತ್ತಿತ್ತು. ಅಂದುಬಿಡಬಹುದಿತ್ತು. ಆದರೆ ಅಂದುಬಿಟ್ಟರೆ ಜಗಳ ಮುಗಿಯಿತು, ಜಗಳ ಮುಗಿದರೆ ಅವನು ಪೂರ್ತಿ ಹೋದ. ಸೈಲೆನ್ಸರ್ ಮುಟ್ಟಿ ಹೆದರಿದ ಆ ಮಧ್ಯಾಹ್ನವೂ ಅವನೊಳಗೆ ಎಲ್ಲೋ ಒಂದು ಕಡೆ, ಇದ್ದಾನಲ್ಲ ಎಂಬ ನೆಮ್ಮದಿಯಿತ್ತು. ಅದನ್ನು ನೀಲಾಂಬಿಕೆಗೆ ಹೇಳುವುದು ಹೇಗೆ? ಅವರ ಮುಖ ನೋಡಿ, ಆಯಿತು ಬನ್ನಿ ಎಂದ.

ಶಿವಶಂಕರ ಬೈಕನ್ನು ಆಟೋದಲ್ಲಿ ಹೊಲದವರೆಗೆ ತಂದು ಇಳಿಸಿಕೊಟ್ಟು, ಬಾಡಿಗೆ ಇದೆಯೆಂದು ಹೊರಟುಹೋದ. ಹೊತ್ತು ಇಳಿಯುತ್ತಿತ್ತು. ನೀಲಾಂಬಿಕೆ ಸಮಾಧಿಗೆ ವಿಭೂತಿ ಹಚ್ಚಿ ದೀಪವಿಟ್ಟರು. ಗಯಾಸುದ್ದೀನ್ ಬೈಕನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ ಟೋಪಿ ಸರಿಮಾಡಿಕೊಂಡ.

"ಆಯ್ತು ಬುಡು ಬಸಪ್ಪ. ಯಾವಾ. ನೀನೇಳಿದ್ದೇ ಸರಿ," ಎಂದ.

ಕಿಕ್ ಹೊಡೆದ. ಅದೇ ಸಣ್ಣ ನಿಟ್ಟುಸಿರು. ಮತ್ತೆ ಹೊಡೆದ, ಮತ್ತೂ ಹೊಡೆದ. ಏನೂ ಇಲ್ಲ. ಅಷ್ಟು ಹೊತ್ತೂ ಬೀಸುತ್ತಿದ್ದ ಗಾಳಿ ನಿಂತುಹೋಗಿತ್ತು. ಹೊಂಗೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಾಲೆಯ ನೀರಿನ ಸದ್ದು ಕೂಡ ಎಲ್ಲೋ ದೂರ ಸರಿದ ಹಾಗಿತ್ತು. ಆಗ ಗಯಾಸುದ್ದೀನನ ಮೂಗಿಗೆ ಬ್ಯಾರನ್ ಹೊಗೆಯ ವಾಸನೆ ಬಂತು. ಬೇಯಿಸುವ ಕಾಲ ಮುಗಿದು ಎಷ್ಟೋ ದಿನವಾಗಿತ್ತು. ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆ ಎಂದು ಬೆನ್ನಿಗೇ ತಿಳಿಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಮನಸಿಂದ ಅನ್ನಲಿಲ್ಲ ನೀವು," ಎಂದರು ನೀಲಾಂಬಿಕೆ ಮೆಲ್ಲಗೆ.

ನಿಜ, ಅಂದಿರಲಿಲ್ಲ. ಬೆನ್ನ ಹಿಂದಿದ್ದವನಿಗೂ ಅದು ಗೊತ್ತಿತ್ತು. ಸತ್ತ ಗೆಳೆಯನ ಮುಂದೆ ಸುಳ್ಳು ಸೋಲು ಒಪ್ಪಿಸಲು ಬಂದೆನಲ್ಲ ಎಂದು ಗಯಾಸುದ್ದೀನನಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಹಳೇ ಸಿಟ್ಟು ಬಂತು.

"ಜಾವಾ ಕಣೋ," ಎಂದ. ಧ್ವನಿ ಒಡೆದಿತ್ತು. "ನೀನು ಸತ್ರೂ ಜಾವಾ, ನಾನು ಸತ್ರೂ ಜಾವಾ."

ಅಷ್ಟು ಹೇಳಿ ಕಾಲು ಒತ್ತಿದ. ಮೊದಲ ಏಟಿಗೇ ಎಂಜಿನ್ ಹತ್ತಿಕೊಂಡಿತು. ಅವಳಿ ಸೈಲೆನ್ಸರುಗಳಿಂದ ನೀಲಿ ಹೊಗೆ ಎದ್ದು ಹೊಂಗೆಯ ಕೊಂಬೆಗಳ ನಡುವೆ ಹರಡಿತು. ನೀಲಾಂಬಿಕೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಗಾಳಿ ಮತ್ತೆ ಬೀಸತೊಡಗಿತ್ತು. ಗಯಾಸುದ್ದೀನ್ ತಿರುಗಿ ನೋಡಿದ. ಯಾರೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನ ಸೋಲಲ್ಲ, ಈ ಜಗಳವೇ ಎಂದು ಹೊಳೆಯಿತು.

ಬೈಕನ್ನು ಮನೆಯಲ್ಲಿಟ್ಟುಕೊಳ್ಳಲು ನೀಲಾಂಬಿಕೆಗೆ ಮನಸ್ಸಿರಲಿಲ್ಲ, ಮಾರಲೂ ಇರಲಿಲ್ಲ. ನೀವೇ ಓಡಿಸಿಕೊಂಡಿರಿ, ಆಗಾಗ ಈ ಕಡೆ ಬಂದು ಹೋಗಿ ಎಂದರು. ಹಾಗೇ ರೂಢಿಯಾಯಿತು. ಗಯಾಸುದ್ದೀನ್ ಸೋಮವಾರ ಸಂಜೆ ಗ್ಯಾರೇಜು ಮುಚ್ಚಿ, ಆ ಬೈಕಿನಲ್ಲಿ ಕಟ್ಟೆಮಳಲವಾಡಿಗೆ ಹೋಗುತ್ತಾನೆ. ಜೀನತುನ್ನೀಸಾ ಮಾಡಿದ ತಿಂಡಿ ಏನಾದರೂ ಡಬ್ಬಿಯಲ್ಲಿರುತ್ತದೆ. ಜಗುಲಿಯಲ್ಲಿ ಕೂತು ಕಾಫಿ ಕುಡಿದು, ಬೆಳೆ ಹೇಗಿದೆ ಎಂದು ಕೇಳಿ ಹೊರಡುತ್ತಾನೆ. ಖಾಲಿ ಅಂಗಳದ ಸದ್ದಿನ ಮಾತನ್ನು ನೀಲಾಂಬಿಕೆ ಮತ್ತೆ ಎತ್ತಲಿಲ್ಲ. ಮುಖದಲ್ಲಿ ಕಳೆ ಬಂದಿತ್ತು. ಅವನೂ ಕೇಳಲಿಲ್ಲ.

ಮೊನ್ನೆ ಸೋಮವಾರ ಗಿರಾಕಿಯೊಬ್ಬರು ತಡಮಾಡಿಸಿದ್ದರಿಂದ ಅವನು ಹೊರಟಾಗಲೇ ಹೊತ್ತು ಮುಳುಗಿತ್ತು. ಅಂಗಳದಲ್ಲಿ ಬೈಕು ಆಫ್ ಮಾಡಿದಾಗ ನೀಲಾಂಬಿಕೆ ಜಗುಲಿಯಲ್ಲೇ ಕೂತಿದ್ದರು. ಪಕ್ಕದಲ್ಲಿ ಕಾಫಿಯ ಲೋಟವಿತ್ತು, ಮೇಲೆ ಕೆನೆ ಕಟ್ಟಿತ್ತು.

"ಆಗ್ಲೇ ಬಂದು ಗಾಡಿ ನಿಲ್ಲಿಸಿದ್ರಲ್ಲಣ್ಣ. ಕಾಫಿ ತರೋಷ್ಟ್ರಲ್ಲಿ ಎಲ್ಲೋದ್ರಿ?"

ಗಯಾಸುದ್ದೀನ್ ನಾಲೆ ಏರಿಯ ಕಡೆ ನೋಡಿದ. ಕತ್ತಲು ಕವಿಯುತ್ತಿತ್ತು. ತೋಳಿನ ಕೂದಲು ನಿಮಿರಿದ್ದನ್ನು ಅಂಗಿಯ ತೋಳು ಇಳಿಸಿ ಮುಚ್ಚಿಕೊಂಡ.

"ಇಲ್ಲೇ, ಹೊಲದ ಕಡೀಕೆ ಹೋಗಿದ್ದೆ," ಎಂದ.

ಆರಿಹೋಗಿದೆ, ಬಿಸಿ ಮಾಡಿ ತರುತ್ತೇನೆ ಎಂದು ಅವರು ಏಳಹೋದರು. ಬ್ಯಾಡ ಬುಡಿ ಎಂದು ಅವನು ಆ ತಣ್ಣನೆಯ ಕಾಫಿಯನ್ನೇ ಎತ್ತಿಕೊಂಡು, ಜಗುಲಿಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.