ನನ್ನ ಕಂಪ್ಯೂಟರಿಗೆ ಯಾರ ಹುಕುಂ?

ಹೋದ ಗುರುವಾರ ನನ್ನ ಮನೆಯಲ್ಲೇ ನನ್ನ ಕಂಪ್ಯೂಟರು ನನಗೆ ನನ್ನ ಜಾಗ ತೋರಿಸಿತು. 'ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂದು ಕೆಂಪಕ್ಷರದಲ್ಲಿ ಬರೆದುಕೊಂಡು ಸುಮ್ಮನೆ ಕೂತಿತು. ಯಾವ ಸಂಸ್ಥೆ? ಸಾಲೆಯಿಂದ ರಿಟೈರಾದ ಮೇಲೆ ನನಗಿರುವ ಸಂಸ್ಥೆ ಎಂದರೆ ನಾನು, ಒಂದು ಪ್ರಿಂಟರು ಮತ್ತು (ಮನಸ್ಸು ಬಂದರೆ) ಕರೆಂಟು.

ಔರಾದದ ನಮ್ಮ ಪಡಸಾಲೆಯಲ್ಲಿ ಕೂತು ನಾನು ಜನರ ಆನ್‌ಲೈನ್ ಅರ್ಜಿ ತುಂಬಿಕೊಡುವುದು ನಿಮಗೆ ಗೊತ್ತೇ ಇದೆ. ಮಳೆ ಕೈಕೊಟ್ಟ ವರ್ಷ ಅರ್ಜಿ ಹೆಚ್ಚು. ಈ ಸಲವಂತೂ ದಸರಾ ಮುಗಿದದ್ದೇ ತಡ, ಮಹಾರಾಷ್ಟ್ರದ ಕಬ್ಬಿನ ಕಡೆ ಟೆಂಪೋಗಳು ಹೊರಟಿವೆ.

ಗುರುವಾರ ಬೆಳಿಗ್ಗೆ ಬಂದವಳು ಸಂತಪುರದ ಸುನಿತಾ. ಕಂಕುಳಲ್ಲಿ ಗಂಡು ಕೂಸು, ಪಕ್ಕದಲ್ಲಿ ಏಳನೇ ಕ್ಲಾಸಿನ ಮಗಳು ಪೂಜಾ. ಗಂಡ ಬಸ್‌ಸ್ಟ್ಯಾಂಡ್ ಹತ್ತಿರ ಟೆಂಪೋದಲ್ಲಿ ಗಂಟುಮೂಟೆ ಕಾಯುತ್ತಿದ್ದ. ಹನ್ನೊಂದೂವರೆಗೆ ಗಾಡಿ ಬಿಡುತ್ತದೆ. ಅಷ್ಟರೊಳಗೆ ಪೂಜಾಳ ಹಾಸ್ಟೆಲ್ ಅರ್ಜಿ ಹೋಗಬೇಕು. ಗುಳೆ ಹೋಗುವವರ ಮಕ್ಕಳಿಗೆಂದು ಭಾಲ್ಕಿಯಲ್ಲಿ ತೆರೆಯುವ ಹಾಸ್ಟೆಲ್ಲು; ಅರ್ಜಿಯ ರಸೀದಿ ಇದ್ದರೆ ಅವತ್ತೇ ಒಳಗೆ, ಮುಟ್ಟಿಸುವ ಹೊಣೆ ನನ್ನದು. ತಾಯಿ ಮಶಿನ್ ಮೇಲೆ ಹೆಬ್ಬೆಟ್ಟು ಒತ್ತಿದರೇ ಅರ್ಜಿ. ಇಲ್ಲದಿದ್ದರೆ ಪೂಜಾ ಕೂಡ ಕಬ್ಬಿಗೆ. ಹೋದ ವರ್ಷ ಹಾಗೇ ಹೋಗಿ, ಐದು ತಿಂಗಳು ಕೂಸು ಆಡಿಸಿ, ರೊಟ್ಟಿ ಬಡಿದು ಬಂದಿದ್ದಳು.

ಹೆಸರು, ಊರು, ಫೋಟೋ, ಎಲ್ಲ ತುಂಬಿದೆ. "ಹೆಬ್ಬೆಟ್ಟು ಇಡವ್ವಾ" ಎನ್ನುವಷ್ಟರಲ್ಲಿ ಹನ್ನೊಂದಾಯಿತು. ಪರದೆ ನೀಲಿಯಾಯಿತು. ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ.

ಯಾರಾದರೂ ಕೇಳಿದರೇ ನನ್ನನ್ನು?

ಕಾಲು ಗಂಟೆಯ ಮೇಲೆ ಎಚ್ಚರವಾಯಿತು. ತುಂಬಿದ ಅರ್ಜಿ ಮಾಯ. ಮೂಲೆಯಲ್ಲಿ ಹೊಸ ಬೆದರಿಕೆ: ಇನ್ನೊಂದು ಅಪ್‌ಡೇಟ್ ಬಾಕಿ ಇದೆ, ಸ್ವಲ್ಪ ಹೊತ್ತಿಗೆ ಮತ್ತೆ ರೀಸ್ಟಾರ್ಟ್. ಸೆಟ್ಟಿಂಗ್ ಒಳಗೆ ಹೊಕ್ಕರೆ ಮೊದಲು ಹೇಳಿದ ಆ ಕೆಂಪಕ್ಷರ. 'ಆಮೇಲೆ ಮಾಡು' ಎನ್ನುವ ಬಟನ್ ಬೂದಿ ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ಅಪ್‌ಡೇಟ್ ಸರ್ವಿಸನ್ನೇ ಬಂದ್ ಮಾಡಿದೆ. ಎರಡು ನಿಮಿಷಕ್ಕೆ ತಾನೇ ಎದ್ದು ಕೂತಿತು.

ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾಗೇಶ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಹಚ್ಚಿದೆ.

"ಟೀಚರ್, ಅದು ಕೊಳಾರದ ಗೋದಾಮಿನ ಮಶಿನ್ ಅಲ್ಲೇನ್ರಿ? ಅವತ್ತೇ ಫಾರ್ಮ್ಯಾಟ್ ಮಾಡ್ತೇನಿ ಅಂದಿದ್ದೆ. ನೀವೇ ಬ್ಯಾಡ ಅಂದ್ರಿ."

ಅಂದದ್ದು ನಿಜ. ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಗಿಲು ಮುಚ್ಚಿದ ಗೋದಾಮೊಂದರ ಹರಾಜಿನಲ್ಲಿ ತಂದದ್ದು. ಕನ್ನಡ ಟೈಪಿಂಗ್ ಆಗಲೇ ಅದರಲ್ಲಿ ಚೆನ್ನಾಗಿ ಕೂತಿತ್ತು. ಕೆಡಿಸುವುದೇಕೆ ಎಂದು ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಚಾಲೂ ಮಾಡಿಬಿಟ್ಟೆ. (ಪೂಜೆ ಆದ ಮಶಿನನ್ನು ಯಾರಾದರೂ ಅಳಿಸುತ್ತಾರೆಯೇ?) ಗೋದಾಮು ಹೋಯಿತು, ಸಾಹೇಬರು ಹೋದರು. ಅವರ ಹುಕುಂ ಮಾತ್ರ, ನಾಗೇಶ ಹೇಳಿದಂತೆ, ಒಳಗೇ ಉಳಿದಿತ್ತು: ಹನ್ನೊಂದಕ್ಕೆ ಎಲ್ಲರೂ ಚಹಾಕ್ಕೆ ಎದ್ದಾಗ ಅಪ್‌ಡೇಟ್ ಆಗಬೇಕು. ಮಧ್ಯಾಹ್ನದ ಮೇಲೆ ಕೆಲಸಕ್ಕೆ ಕೂರುವ ನನಗೆ ಇದು ಗೊತ್ತೇ ಆಗಿರಲಿಲ್ಲ.

"ಸೋಮವಾರ ಬೀದರಿಗಿ ತಗೊಂಡು ಬರ್ರಿ ಟೀಚರ್, ನೋಡೋಣು."

ಸೋಮವಾರ! ಸಿಟ್ಟು ನೆತ್ತಿಗೇರಿತು. "ಸೋಮವಾರಕ್ಕ ಈ ಹುಡುಗಿ ಕಬ್ಬಿನಾಗ ಇರ್ತಾಳ. ಈಗೇ ಹೇಳು. ನಾ ಒತ್ತತೇನಿ."

ಅಷ್ಟರಲ್ಲಿ ಬಾಗಿಲಿಗೆ ಮುಕಾದಮ ಬಂದ. ಕಬ್ಬು ಕಡಿಯಲು ಜನ ಕೂಡಿಸಿ ಕರೆದೊಯ್ಯುವವನು.

"ಏಳು ಸುನಿತಾಬಾಯಿ, ಟೈಮ್ ಆಗ್ಯಾದ. ಹುಡುಗೀನೂ ಕರಕೊಂಡು ನಡಿ. ಕೂಸು ಯಾರು ನೋಡ್ಬೇಕು? ಹೋದ ವರ್ಷ ಬಂದಿದ್ದಳಲ್ಲ?"

"ಕೂಸು ನನ್ನ ಬೆನ್ನಿಗಿರ್ತದ್ರಿ. ಹುಡುಗಿ ಬರಂಗಿಲ್ಲ."

"ಗಾಡಿ ನಿಲ್ಲಂಗಿಲ್ಲ ಮತ್ತ."

ಸುನಿತಾ ಪಡಸಾಲೆಯ ನೆಲದ ಮೇಲೆ ಪದ್ಮಾಸನ ಹಾಕಿದಂತೆ ಕೂತಳು. "ಹೋಗ್ರಿ ಹಂಗಾರ. ಅರ್ಧಾ ಕೊಯ್ತಾ ತಗೊಂಡು ಏನ್ ಮಾಡ್ತೀರಿ ಮಾಡ್ರಿ."

ಕೊಯ್ತಾ ಅಂದರೆ ಕುಡುಗೋಲು. ಕಬ್ಬಿನ ಗದ್ದೆಯಲ್ಲಿ ಗಂಡ-ಹೆಂಡತಿ ಸೇರಿಯೇ ಒಂದು ಕೊಯ್ತಾ. ಅವನು ಕಡಿಯಬೇಕು, ಅವಳು ಕಟ್ಟಿ ಹೊರಬೇಕು. ಒಬ್ಬರೇ ಬಂದರೆ ಯಾರಿಗೂ ಬೇಡ. ಟೆಂಪೋದಲ್ಲಿ ಕೂತಿದ್ದ ಗಂಡ ಒಂದು ಮಾತಿಗೆ ಕೆಲಸಕ್ಕೆ ಬಾರದವನಾಗಿದ್ದ. ಇಷ್ಟು ವರ್ಷ ತನ್ನನ್ನು ಕಟ್ಟಿಹಾಕಿದ ನಿಯಮವನ್ನೇ ಅವಳು ಹಿಡಿದು ಮುಕಾದಮನನ್ನು ಕಟ್ಟಿಹಾಕಿದಳು. ಮುಕಾದಮ ಹೊರಗೆ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ನನಗಾದ ಖುಷಿಯನ್ನು ಮುಚ್ಚಿಡಲಾರೆ.

ಈಗ ನನ್ನ ಸರದಿ. ನಾಗೇಶ ಒಂದೊಂದೇ ಅಕ್ಷರ ಹೇಳಿದ, ನಾನು ಒತ್ತಿದೆ. ಗೋದಾಮಿನ ಸಾಹೇಬರು ಬರೆದಿಟ್ಟ ನಿಯಮಗಳ ಪಟ್ಟಿ ತೆರೆದುಕೊಂಡಿತು. ಅದರಲ್ಲಿ ಆಟೋಮ್ಯಾಟಿಕ್ ಅಪ್‌ಡೇಟ್ ಎನ್ನುವ ಸಾಲು ಹುಡುಕಿ, ಅವರ ಹುಕುಂ ತೆಗೆದುಹಾಕಿದೆ. "ಈಗ ನೀವೇ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಟೀಚರ್," ಎಂದ. ಬಾಕಿ ಇದ್ದ ಅಪ್‌ಡೇಟ್ ಮುಗಿಯುವತನಕ ಕಾದೆವು. ಮುಕಾದಮನೂ ಕಾದ. ಎರಡು ಬೀಡಿ ಮುಗಿದವು.

ಕೆಂಪಕ್ಷರ ಹೋಗಿತ್ತು. ಬೂದಿ ಬಟನ್‌ಗೆ ಜೀವ ಬಂದಿತ್ತು. ಅಪ್‌ಡೇಟ್ ಬೇಡ ಎನ್ನುವವಳಲ್ಲ ನಾನು. ಮಾಡಲಿ, ಬೇಕೇ ಬೇಕು. ಆದರೆ ಕೇಳಿ ಮಾಡಲಿ. ಬರ ಬಿದ್ದರೆ ಸುನಿತಾನಂಥವರು ಗುಳೆ ಹೋಗಬೇಕು, ಹೋದರೆ ಹೆಣ್ಣುಹುಡುಗಿ ಜೊತೆಗೆ ಹೋಗಬೇಕು ಅಂತ ಯಾರು, ಯಾವಾಗ ಗೊತ್ತು ಮಾಡಿದರು? ಕೇಳಿದರೆ ಹೆಸರು ಹೇಳುವವರು ಒಬ್ಬರೂ ಇಲ್ಲ. ನಡೆಸುವವರು ಮಾತ್ರ ದಂಡಿಯಾಗಿ ಇದ್ದಾರೆ.

ಅರ್ಜಿ ಮತ್ತೆ ತುಂಬಿದೆ. ಸುನಿತಾ ಹೆಬ್ಬೆಟ್ಟು ಒತ್ತಿದಳು. ಪ್ರಿಂಟರಿನಿಂದ ಹೊರಬಂದ ರಸೀದಿಯನ್ನು ಪೂಜಾ ಅವ್ವನಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ಅವ್ವ ಅದನ್ನು ಮುಟ್ಟಿ ನೋಡಿ, ಮಗಳ ಕೈಯಲ್ಲೇ ಬಿಟ್ಟು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡಳು.

ಮುಕಾದಮ ಚಪ್ಪಲಿ ಮೆಟ್ಟುತ್ತಾ ಗೊಣಗಿದ: "ಹಿಂಗ ಎಲ್ಲಾ ಹುಡುಗ್ಯಾರಿಗಿ ಹಾಸ್ಟೆಲ್‌ನಾಗ ಕೂಡಸ್ರಿ ಟೀಚರ್. ನಾಳಿ ನನಗ ಕೊಯ್ತಾ ಎಲ್ಲಿಂದ ಸಿಗಬೇಕು?"

ಸಿಗಬಾರದು ಅಂತಲೇ ಅಲ್ಲವೇನಪ್ಪಾ ನಾನು ಇಲ್ಲಿ ಕೂತಿರೋದು?